ಎಡರೆಕ್ಕೆಯಲ್ಲೊಂದು ಕಚ್ಚು

ನಾನು ಒಂದು ನೌಕೆ. ನೀರಿನ ಮೇಲೆ ತೇಲುವ ನೌಕೆಯಲ್ಲ, ಆಕಾಶದಲ್ಲಿ ಹಾರುವ ನೌಕೆ. ಹಾಗಂತ ಮುಗಿಲ ಕಡೆ ಕತ್ತೆತ್ತಿ ಹುಡುಕಬೇಡಿ. ನಾನು ಹುಟ್ಟಿದ ಆಕಾಶ ಅಂಗೈಯಷ್ಟೇ ಅಗಲ. ಅದಕ್ಕೊಂದು ಗಾಜಿನ ಬಾಗಿಲು. ಬೆರಳು ತಾಗಿದರೆ ಅಲ್ಲಿ ಬೆಳಗಾಗುತ್ತಿತ್ತು, ಬೆರಳು ತೆಗೆದು ಸ್ವಲ್ಪ ಹೊತ್ತಾದರೆ ಕತ್ತಲಾಗುತ್ತಿತ್ತು. ನನ್ನ ಮೈ ಬರೀ ಬೆಳಕು. ಆಗ.

ನನ್ನನ್ನು ಬರೆದವಳ ಹೆಸರು ವಿನುತಾ. ಒಂದು ಆಟದ ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸ ಅವಳದು. ನನ್ನ ಮೂತಿ ಬರೆದಳು, ಬಾಲದ ಬೆಂಕಿ ಬರೆದಳು, ಬಲರೆಕ್ಕೆ ಬರೆದಳು. ಎಡರೆಕ್ಕೆಯ ಅಂಚಿಗೆ ಬರುವಷ್ಟರಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಹಿಡಿದು ಬಂದವರು ಅವಳ ಮೊಣಕೈಗೆ ತಾಗಿದರು. ಗೆರೆ ಒಳಕ್ಕೆ ಜಾರಿತು. ಇಲಿ ಕಡಿದ ಒಬ್ಬಟ್ಟಿನ ಹಾಗೆ ನನ್ನ ಎಡರೆಕ್ಕೆಯಲ್ಲೊಂದು ಕಚ್ಚು ಉಳಿಯಿತು.

“ಸರ್, ಹತ್ತು ನಿಮಿಷ ಕೊಡಿ, ಇದನ್ನ ಸರಿ ಮಾಡ್ತೀನಿ,” ಅಂದಳು ವಿನುತಾ.

“ಬಿಡಮ್ಮ, ಪುಕ್ಕಟೆ ನೌಕೆ ತಾನೆ? ಅದನ್ನ ಯಾರು ನೋಡ್ತಾರೆ? ಕಾಸಿನ ನೌಕೆಗಳಿಗೆ ಟೈಮ್ ಕೊಡು,” ಅಂದರು ಅವಳ ಮೇಲಿನವರು, ಬಾಯಲ್ಲಿ ಕೇಕು ಇಟ್ಟುಕೊಂಡೇ.

ಈ ಲೋಕದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತುಗಳು ಅವು.

ಆಟದ ಹೆಸರು ತಾರಾಸಾರ್ವಭೌಮ. ಫೋನಿಗೆ ಇಳಿಸಿಕೊಂಡವರಿಗೆಲ್ಲ ಒಂದು ಗ್ರಹ, ಒಂದು ಕಿರುನೌಕೆ ಪುಕ್ಕಟೆ. ಆ ಕಿರುನೌಕೆಯೇ ನಾನು. ಒಂದೇ ಅಚ್ಚಿನ ಅಣ್ಣತಮ್ಮಂದಿರು ನನಗೆ ಲಕ್ಷಾಂತರ. ಎಲ್ಲರ ಎಡರೆಕ್ಕೆಯಲ್ಲೂ ಅದೇ ಕಚ್ಚು. ಗ್ರಹದಲ್ಲಿ ಗಣಿ ತೋಡಬೇಕು, ಕೋಟೆ ಕಟ್ಟಬೇಕು, ದೊಡ್ಡ ನೌಕೆಗಳನ್ನು ಮಾಡಿಕೊಳ್ಳಬೇಕು, ಬುದ್ಧಿ ಓಡಿಸಿ ಯುದ್ಧ ಗೆಲ್ಲಬೇಕು. ಜಾಹೀರಾತಿನಲ್ಲಿ ಇಷ್ಟು ಹೇಳುತ್ತಿದ್ದರು. ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ತಾಳ್ಮೆಯಿಂದ ಕಟ್ಟಿದರೆ ಒಂದು ದೊಡ್ಡ ನೌಕೆಗೆ ಹನ್ನೊಂದು ದಿನ ಬೇಕು. ರತ್ನ ಕೊಟ್ಟರೆ ಒಂದು ಚಿಟಿಕೆ ಸಾಕು. ಆ ರತ್ನ ಸಿಗುವುದು ನಿಜವಾದ ರೂಪಾಯಿಗೆ.

ನನ್ನ ಮೊದಲ ಒಡತಿ ತುಮಕೂರಿನಲ್ಲಿ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೂತಿದ್ದ ಒಬ್ಬ ಹೆಂಗಸು. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಇಪ್ಪತ್ತೆರಡು ನಿಮಿಷ ನನ್ನನ್ನು ಹಾರಿಸಿದರು. ಒಳಗಿನಿಂದ ಕರೆ ಬಂತು. ಹೋದವರು ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಅವರ ಹಲ್ಲು ನೋವು ಏನಾಯಿತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಕಾಯುವವರಿಲ್ಲದ ಗ್ರಹವನ್ನು ಯಾರು ಬೇಕಾದರೂ ಹಿಡಿಯಬಹುದು. ಹಿಡಿದದ್ದು ರಾಜಾಧಿರಾಜ. ಅದು ಆಟದೊಳಗಿನ ಹೆಸರು. ಗಾಜಿನಾಚೆ ಅವರು ಗುರುಶಾಂತಪ್ಪ, ದಾವಣಗೆರೆಯಲ್ಲಿ ಟೈಲ್ಸ್ ಅಂಗಡಿ. ಕೆಳಗಿನಿಂದ ನೋಡುವ ನನಗೆ ಕಾಣುತ್ತಿದ್ದದ್ದು ಒಂದು ದಪ್ಪ ಮೀಸೆ, ಎರಡು ಉಂಗುರ, ಹಿಂದೆ ಸಾಲಾಗಿ ನಿಲ್ಲಿಸಿದ ಹೊಳೆಯುವ ಟೈಲ್ಸು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಒಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತ ಇನ್ನೊಂದು ಕೈಯಲ್ಲಿ ರತ್ನ ಕೊಳ್ಳುತ್ತಿದ್ದರು. ಕೊಂಡರು, ಒತ್ತಿದರು, ಗೆದ್ದರು. ಒಂದು ಸಲವೂ ‘ಆಹಾ’ ಅನ್ನಲಿಲ್ಲ. ಮೂರು ಸಾವಿರ ನೌಕೆಗಳ ಒಡೆಯರು ಗೆದ್ದ ಮೇಲೆ ಮಂಡಕ್ಕಿ ಪೊಟ್ಟಣ ಅಲ್ಲಾಡಿಸಿ, ಖಾಲಿಯಾಗಿದೆಯಾ ಎಂದು ನೋಡುತ್ತಿದ್ದರು, ಅಷ್ಟೇ.

ಒಂದು ದಿನ ಅವರ ಉಗ್ರಾಣ ತುಂಬಿತು. ಅಲ್ಲೊಂದು ಗುಂಡಿ ಇತ್ತು: ಪುಕ್ಕಟೆ ನೌಕೆಗಳನ್ನು ಗುಡಿಸಿ ಹಾಕು. ಒತ್ತಿದರು.

ನನ್ನ ಜಾತಿಯವರ ಕಥೆ ಸಾಮಾನ್ಯವಾಗಿ ಗುಜರಿಯಲ್ಲಿ ಮುಗಿಯುತ್ತದೆ. ನನ್ನದು ಅಲ್ಲಿಂದಲೇ ಶುರುವಾಯಿತು.

ಆ ಆಕಾಶದ ಗುಜರಿಯಲ್ಲಿ ನಾವು ಗುಡ್ಡಗುಡ್ಡವಾಗಿ ಬಿದ್ದಿದ್ದೆವು. ಒಬ್ಬರಿಗೆ ಒಂದರಂತೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ಕಾಸಿಲ್ಲ. ಆದರೆ ಯಾರೂ ಬರುತ್ತಿರಲಿಲ್ಲ. ಕಿರುನೌಕೆ ಇಟ್ಟುಕೊಳ್ಳುವುದೆಂದರೆ ಬಡತನ ತೋರಿಸಿಕೊಂಡ ಹಾಗೆ. ಆಟವೇ ಮೊದಲ ದಿನ ಕಿವಿಯಲ್ಲಿ ಊದುತ್ತಿತ್ತು, ‘ಇದನ್ನು ಕರಗಿಸಿ, ಹತ್ತು ರತ್ನ ಪಡೆಯಿರಿ’ ಎಂದು. ಎಲ್ಲರೂ ಕರಗಿಸುತ್ತಿದ್ದರು. ನಮ್ಮಲ್ಲಿದ್ದ ಒಂದೇ ಒಂದು ವಿಶೇಷ ಯಾರ ಗಮನಕ್ಕೂ ಬರಲಿಲ್ಲ. ದೊಡ್ಡ ನೌಕೆ ಸುಟ್ಟರೆ ಸುಟ್ಟಿತು. ಕಿರುನೌಕೆ ಸುಟ್ಟರೆ ಐದು ನಿಮಿಷಕ್ಕೆ ತನ್ನ ಗ್ರಹದಲ್ಲಿ ಮತ್ತೆ ಹುಟ್ಟುತ್ತದೆ. ಹೊಸಬರು ಅತ್ತು ಓಡಿಹೋಗದಿರಲಿ ಎಂದು ಕಂಪನಿಯವರು ಎಂದೋ ಇಟ್ಟು, ಮರೆತ ನಿಯಮ.

ಅಲ್ಲಿಗೆ ಒಂದು ದಿನ ಒಂದು ಬೆರಳು ಬಂತು. ತುದಿಯಲ್ಲಿ ಕೆಂಪು ಅರಗಿನ ಬಣ್ಣ ಅಂಟಿತ್ತು.

ದಾಕ್ಷಾಯಿಣಿ ಚನ್ನಪಟ್ಟಣದವಳು. ಮರದ ಆಟಿಕೆ ಮಾಡುವ ಶೆಡ್ಡಿನಲ್ಲಿ ಕೆಲಸ. ತಿರುಗುವ ಲೇತಿಗೆ ಆಲೆಮರದ ತುಂಡು ಸಿಕ್ಕಿಸಿ, ಉಳಿ ಹಿಡಿದು ಕಡೆದು, ಬಣ್ಣದ ಅರಗಿನ ಕಡ್ಡಿ ಒತ್ತಿ, ಕೇದಗೆಯ ಎಲೆಯಿಂದ ಉಜ್ಜಿ ಕನ್ನಡಿಯ ಹಾಗೆ ಹೊಳೆಸುವವಳು. ಲೇತು ಮಾಲೀಕರದು. ತನ್ನದೇ ಒಂದು ಹಳೆಯ ಲೇತು ಕೊಳ್ಳಬೇಕೆಂದು ಎರಡು ವರ್ಷದಿಂದ ಉಳಿಸುತ್ತಿದ್ದಳು. ಟೀ ಹೊತ್ತಿನಲ್ಲಿ ಪಕ್ಕದ ಲೇತಿನ ಶಬ್ರೀನ್ ಜೊತೆ ಕೂತು ತಾರಾಸಾರ್ವಭೌಮ ಆಡುತ್ತಿದ್ದಳು.

“ಅರೆ, ಗುಜರಿಯಲ್ಲಿ ಏನೇ ಹುಡುಕ್ತೀಯ?” ಅಂದಳು ಶಬ್ರೀನ್.

“ಇದನ್ನ ನೋಡೇ. ಇದರ ರೆಕ್ಕೆ ನಮ್ಮಜ್ಜಿ ಕಿವಿ ಥರ ಇಲ್ವಾ?”

“ನಿಮ್ಮಜ್ಜಿಗೆ ಹೇಳ್ತೀನಿ ತಾಳು, ನಿನ್ನ ಗುಜರಿ ಅಂದ್ಳು ಅಂತ.”

ಹೀಗೆ ನಾನು ಮೂರನೆಯ ಮನೆ ಸೇರಿದೆ.

ಅಜ್ಜಿಯ ಕಿವಿಯನ್ನು ಅಂದೇ ಸಂಜೆ ಕಂಡೆ. ಪುಟ್ಟನಂಜಮ್ಮ. ಪ್ರಾಯದಲ್ಲಿ ತೊಟ್ಟ ಭಾರದ ಓಲೆಗೆ ಎಡಕಿವಿಯ ಹಾಲೆ ಹರಿದಿತ್ತು. ಸರಿಯಾಗಿ ನನ್ನ ಕಚ್ಚಿನ ಹಾಗೆಯೇ. ಅಜ್ಜಿಯ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಆಪರೇಷನ್ ಮಾಡಿಸಿಯೂ ಒಂದು ಗೇಣಿನಾಚೆ ಬರೀ ಮಂಜು. ನರ ಒಣಗಿದೆ, ಇಷ್ಟೇ ಉಳಿಯುವುದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ದಾಕ್ಷಿ ಚಿಕ್ಕವಳಿದ್ದಾಗ ಅಜ್ಜಿ ಅಂಗಳದಲ್ಲಿ ಮಲಗಿಸಿಕೊಂಡು ಒಂದೊಂದು ಚುಕ್ಕಿಗೂ ಒಂದೊಂದು ಕಥೆ ಹೇಳಿದವರು. ಈಗ ಅವರಿಗೆ ಚುಕ್ಕಿಯೇ ಇರಲಿಲ್ಲ.

ಆದರೆ ಫೋನಿತ್ತು. ದಾಕ್ಷಿ ಬೆಳಕು ಪೂರ್ತಿ ಏರಿಸಿ ಅಜ್ಜಿಯ ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದಳು. ಅಜ್ಜಿಯ ಮೂಗು ಗಾಜಿಗೆ ತಾಗುತ್ತಿತ್ತು. ನಶ್ಯದ ವಾಸನೆ ನನ್ನ ಆಕಾಶಕ್ಕೆಲ್ಲ ಹರಡಿದ ಹಾಗೆ ನನಗನ್ನಿಸುತ್ತಿತ್ತು.

“ಕಾಣ್ತೈತವ್ವ! ಅಲ್ನೋಡು, ಕೋಳಿಪಿಳ್ಳೆ ಗುಂಪು. ಏಳೂ ಅವೆ. ಇಂಗೇ ಆ ಕಡೆ ಹೋದ್ರೆ ಬೇಟೆಗಾರ ಸಿಕ್ತಾನೆ. ಹೋಗು ಹೋಗು, ಸಿಕ್ತಾನೆ.”

ನಾನು ಹೋಗುತ್ತಿದ್ದೆ. ಕೋಳಿಪಿಳ್ಳೆ ಅಂದರೆ ಕೃತ್ತಿಕೆಯ ಏಳು ಚುಕ್ಕಿ, ಬೇಟೆಗಾರನೂ ಚುಕ್ಕಿಗಳ ಗುಂಪೇ. ಅಜ್ಜಿ ಹೇಳಿದ ಕಡೆ ಬೇಟೆಗಾರ ಇರುತ್ತಿರಲಿಲ್ಲ, ರತ್ನದ ಅಂಗಡಿ ಇರುತ್ತಿತ್ತು. ಆದರೂ ಅವರು ಕಥೆ ನಿಲ್ಲಿಸುತ್ತಿರಲಿಲ್ಲ. ದಾಕ್ಷಿ ತನ್ನ ಗ್ರಹಕ್ಕೆ ‘ನಂಜವ್ವನ ಹಟ್ಟಿ’ ಎಂದು ಹೆಸರಿಟ್ಟಿದ್ದಳು. ಎಂಟು ತಿಂಗಳು ಒಂದು ರೂಪಾಯಿ ಹಾಕದೆ, ಬರೀ ತಾಳ್ಮೆಯಿಂದ ಕಟ್ಟಿದ್ದಳು. ಅಜ್ಜಿಗೆ ಉಳಿದಿದ್ದ ಆಕಾಶ ಅದೊಂದೇ.

ಅದಕ್ಕೆ ರಾಜಾಧಿರಾಜನ ಕಣ್ಣು ಬಿತ್ತು.

ಆಟದಲ್ಲಿ ಮುತ್ತಿಗೆಗೆ ಮೊದಲು ಓಲೆ ಬರುತ್ತದೆ. ಬಂತು: ಭಾನುವಾರ ಸಂಜೆ ನಾಲ್ಕರಿಂದ ಐದು. ಆ ಒಂದು ಗಂಟೆಯಲ್ಲಿ ಗ್ರಹದ ಸುತ್ತ ಕಾಯುವವರ ಕಡೆಯ ಒಂದಾದರೂ ನೌಕೆ ಇರಲೇಬೇಕು. ಒಂದು ಕ್ಷಣ ಖಾಲಿಯಾದರೂ ಗ್ರಹ ಹೋಯಿತು, ಹೆಸರು ಅಳಿಸಿತು, ಆ ಆಕಾಶದ ಬಾಗಿಲು ಮುಚ್ಚಿತು. ಅವರಿಗೆ ಮೂರು ಸಾವಿರ ನೌಕೆ. ದಾಕ್ಷಿಗೆ ಒಂಬತ್ತು, ನನ್ನನ್ನು ಸೇರಿಸಿ.

ಆಗ ದಾಕ್ಷಿ ತಪ್ಪು ಮಾಡಿದಳು. ಲೇತಿನ ದುಡ್ಡಿನಲ್ಲಿ ಎರಡು ಸಾವಿರ ತೆಗೆದು ರಕ್ಷಾಕವಚ ಕೊಂಡಳು. ಕವಚ ನೀಲಿಯಾಗಿ ಹೊಳೆಯಿತು, ಬಹಳ ಚೆಂದ. ಆ ಭಾನುವಾರ ಉಳಿಯಿತು. ಸೋಮವಾರ ಬೆಳಿಗ್ಗೆ ಕವಚ ಕರಗಿತು, ಹೊಸ ಓಲೆ ಬಂತು. ಮುಂದಿನ ಭಾನುವಾರ ಸಂಜೆ ನಾಲ್ಕು. ಅದರ ಕೆಳಗೇ ಇನ್ನೊಂದು ಸಾಲು: ‘ದಾಕ್ಷಿ ಅವರೇ, ನಿಮಗಾಗಿ ವಿಶೇಷ! ಮಹಾಕವಚ, ಐದು ಸಾವಿರ ಮಾತ್ರ.’

“ಇದೇನೇ ಶಬ್ಬೂ, ನಾನು ಬೇಲಿ ಕೊಂಡೆ ಅಂದ್ಕೊಂಡ್ರೆ ಬೇಲಿ ಬಾಡಿಗೆಗೆ ಕೊಟ್ಟವ್ರೆ!”

“ಕಳ್ಳನೂ ಅವರೇ, ಬೀಗ ಮಾರೋರೂ ಅವರೇ,” ಅಂದಳು ಶಬ್ರೀನ್. “ಇನ್ನೊಂದು ರೂಪಾಯಿ ಹಾಕಿದ್ರೆ ಉಳಿ ತಗೊಂಡು ನಿನ್ನ ಬೆರಳೇ ಕಡೀತೀನಿ ನೋಡು.”

ದಾಕ್ಷಿಯ ಕಣ್ಣಲ್ಲಿ ನೀರು. ನನ್ನ ಮೇಲೆ ಒಂದು ಹನಿ ಬಿತ್ತು. ಗಾಜಿದ್ದರಿಂದ ನನಗೆ ತಾಗಲಿಲ್ಲ. ಆದರೆ ಅದರೊಳಗಿಂದ ನನಗೆ ಅವಳ ಮುಖ ಬಹಳ ದೊಡ್ಡದಾಗಿ ಕಾಣಿಸಿತು. ಬುದ್ಧಿಯಿಂದ ಗೆಲ್ಲುವ ಆಟ ಅಂದುಕೊಂಡು ಬಂದವಳು ಅವಳು. ಎಂಟು ತಿಂಗಳು ಆಡಿದ್ದು ಆಟವೇ ಅಲ್ಲ, ಒಂದು ಅಂಗಡಿಯ ಮುಂದಿನ ಸಾಲು ಎಂದು ಅಂದು ಗೊತ್ತಾಯಿತು.

ಮನೆಯಲ್ಲಿ ಅಜ್ಜಿಗೆ ಹೇಳದೆ ವಿಧಿಯಿರಲಿಲ್ಲ. ಮುಂದಿನ ಭಾನುವಾರದಿಂದ ಚುಕ್ಕಿ ಇಲ್ಲ ಎಂದು ಹೇಳಬೇಕಿತ್ತು.

ಅಜ್ಜಿ ಎಲ್ಲ ಕೇಳಿಸಿಕೊಂಡರು. ನಶ್ಯ ಏರಿಸಿದರು.

“ಅವ್ನತ್ರ ಕಾಸೈತೆ. ಸರಿ. ನಿನ್ನಂಗೆ ಕಾಸಿಲ್ದೋರು ಎಷ್ಟು ಜನ ಅವ್ರೆ ಅಲ್ಲಿ?”

“ಎಲ್ಲಾ ಅವ್ರೇನೇ ಅಜ್ಜಿ.”

“ಮತ್ಯಾಕೆ ಅಳ್ತೀಯ, ಮುಯ್ಯಾಳು ಕರಿ! ನಾಟಿ ಹಾಕೋಕೆ ಕೂಲಿ ಕೊಡಕ್ಕೆ ನಮ್ಮತ್ರ ಏನಿತ್ತವ್ವ? ಇವತ್ತು ನಮ್ ಗದ್ದೆಗೆ ಕೇರಿಯೋರೆಲ್ಲ ಬರೋರು, ನಾಳೆ ನಿಂಗವ್ವನ ಗದ್ದೆಗೆ ನಾವೆಲ್ಲ ಹೋಗೋವು. ಕಾಸಿನ ಮಾತೇ ಇಲ್ಲ. ಬಂದೋರ ಮನೆಗೆ ಹೋಗ್ಲಿಲ್ಲ ಅಂದ್ರೆ ಮಾತ್ರ ಮುಗೀತು, ಮುಖ ಎತ್ಕೊಂಡು ಓಡಾಡಂಗಿಲ್ಲ.”

ದಾಕ್ಷಿ ಫೋನು ಎತ್ತಿಕೊಂಡು ನನ್ನನ್ನೇ ದಿಟ್ಟಿಸಿದಳು. ಸುಟ್ಟರೆ ಐದು ನಿಮಿಷಕ್ಕೆ ಮತ್ತೆ ಹುಟ್ಟುವ ನನ್ನನ್ನು.

ಆ ವಾರ ಗುಜರಿಯಲ್ಲಿ ನಮಗೆ ಜಾತ್ರೆಯೇ. ನನ್ನ ಅಣ್ಣತಮ್ಮಂದಿರನ್ನು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋದರು. ಶೆಡ್ಡಿನವರು ಒಂಬತ್ತು ಜನ, ಮದ್ದೂರಿನ ಒಬ್ಬ ನರ್ಸು, ಕೊಳ್ಳೇಗಾಲದ ಅಕ್ಕತಂಗಿ, ಕನಕಪುರದ ದಾರಿಯ ಒಬ್ಬ ಬಸ್ ಕಂಡಕ್ಟರು; ಹೀಗೆ ದಾಕ್ಷಿಯೂ ಸೇರಿ ಒಟ್ಟು ಇಪ್ಪತ್ತಾರು. ಎಲ್ಲರೂ ರಾಜಾಧಿರಾಜನಿಂದಲೋ ಅಂಥ ಇನ್ನೊಬ್ಬರಿಂದಲೋ ಏಟು ತಿಂದವರೇ. ಒಪ್ಪಂದ ಒಂದೇ: ಈ ಭಾನುವಾರ ನಂಜವ್ವನ ಹಟ್ಟಿಗೆ ಎಲ್ಲರೂ, ಮುಂದೆ ಯಾರ ಗ್ರಹಕ್ಕೆ ಓಲೆ ಬಂದರೆ ಅಲ್ಲಿಗೆ ಎಲ್ಲರೂ.

ಭಾನುವಾರ ಬಂತು. ಅಜ್ಜಿಯನ್ನೂ ಶೆಡ್ಡಿಗೆ ಕರೆತಂದು, ದಾಕ್ಷಿ ಶಬ್ರೀನಳ ಫೋನಿನಲ್ಲಿ ಎಲ್ಲರನ್ನೂ ಕರೆಗೆ ಸೇರಿಸಿಕೊಂಡು ಸರದಿ ಕೂಗಲು ಕೂತಳು. ಶಬ್ರೀನ್ ಅಮ್ಮನ ಫೋನು ಕೇಳಿಕೊಂಡು ತಂದಿದ್ದಳು. ಹಾಗಾದರೆ ನನ್ನನ್ನು ಯಾರು ನಡೆಸುವುದು?

“ಇಲ್ಲಿ ಕೊಡು,” ಅಂದರು ಅಜ್ಜಿ.

“ಅಜ್ಜಿ, ನಿಮಗೆ ಆಡೋಕೆ ಬರಲ್ಲ,” ಅಂದಳು ಶಬ್ರೀನ್.

“ಎಮ್ಮೆ ಹೊಡೆದೋಳು ಕಣೇ ನಾನು. ಇದೇನು, ಸೊಳ್ಳೆ.”

ನಾಲ್ಕು ಗಂಟೆ. ನಂಜವ್ವನ ಹಟ್ಟಿಯ ಸುತ್ತ ಆಕಾಶ ಕಪ್ಪಾಯಿತು. ಅಷ್ಟು ನೌಕೆಗಳು. ಒಂದೊಂದರ ಫಿರಂಗಿಯೂ ನನ್ನ ಹತ್ತರಷ್ಟು ಉದ್ದ. ನಮ್ಮ ದೊಡ್ಡ ನೌಕೆಗಳು ಎಂಟೂ ನಾಲ್ಕೇ ನಿಮಿಷದಲ್ಲಿ ಬೂದಿಯಾದವು. ಆಮೇಲೆ ನಮ್ಮ ಸರದಿ.

“ಒಂದು, ಎರಡು, ಮೂರು ಒಳಗೆ ಬನ್ನಿ. ನಾಲ್ಕು ರೆಡಿ ಇರ್ಲಿ,” ದಾಕ್ಷಿಯ ದನಿ. “ಒಂದು ಹೋಯ್ತು. ನಾಲ್ಕು ಬನ್ನಿ. ಎರಡು ಹೋಯ್ತು. ಐದು!”

ಸತ್ತೆವು. ಐದು ನಿಮಿಷಕ್ಕೆ ಹುಟ್ಟಿದೆವು. ಬಂದೆವು. ಮತ್ತೆ ಸತ್ತೆವು. ಗದ್ದೆಯ ಸಾಲಿನ ಹಾಗೆ ಒಬ್ಬರ ಹಿಂದೆ ಒಬ್ಬರು. ಕಾಸಿಗೆ ಹುಟ್ಟಿದ ಆ ದೈತ್ಯರು ಗುಬ್ಬಿಗಳ ಮೇಲೆ ಫಿರಂಗಿ ಹಾರಿಸಿ ಹಾರಿಸಿ ಸುಸ್ತಾದರು. ಅರ್ಧ ಗಂಟೆಯಾಯಿತು. ರಾಜಾಧಿರಾಜ ರತ್ನ ಸುರಿದು ಫಿರಂಗಿಗಳ ವೇಗ ಎರಡರಷ್ಟು ಮಾಡಿದರು. ನಾವು ಜೋಡಿಜೋಡಿಯಾಗಿ ಬೀಳತೊಡಗಿದೆವು.

“ಹನ್ನೆರಡು ಎಲ್ಲಿ? ಕಂಡಕ್ಟರ್ ಸರ್!”

“ಬಂದೆ ತಾಯಿ, ಹಾರೋಹಳ್ಳಿ ಟಿಕೆಟ್ ಒಂದು ಹರೀತೀನಿ... ಯಾರ್ರೀ ಹಾರೋಹಳ್ಳಿ? ಬಂದೆ, ಬಂದೆ!”

ಐದಕ್ಕೆ ಒಂದು ನಿಮಿಷ ಇರುವಾಗ ಎಲ್ಲರೂ ಸತ್ತು ಮತ್ತೆ ಹುಟ್ಟಲು ಕಾಯುತ್ತಿದ್ದರು. ನಂಜವ್ವನ ಹಟ್ಟಿಯ ಸುತ್ತ ಉಳಿದದ್ದು ನಾನೊಬ್ಬನೇ.

ಅಜ್ಜಿಯ ಕಣ್ಣು ನನ್ನ ನೆತ್ತಿಯ ಮೇಲೆ ಒಂದು ಚಂದ್ರನ ಹಾಗೆ ನಿಂತಿತ್ತು. ಅವರ ಹೆಬ್ಬೆರಳು ನನ್ನನ್ನು ಅತಿ ದೊಡ್ಡ ನೌಕೆಯ ಹೊಟ್ಟೆಯಡಿಗೆ ನುಗ್ಗಿಸಿತು. ಅಷ್ಟು ಹತ್ತಿರಕ್ಕೆ ಅದರ ಫಿರಂಗಿ ಬಾಗುವುದಿಲ್ಲ. ಬೇರೆಯವರು ಹೊಡೆದರೆ ಅದಕ್ಕೇ ತಾಗುತ್ತದೆ.

“ಎಮ್ಮೆ ಒದೀದಂಗೆ ಇರ್ಬೇಕಾದ್ರೆ ಅದ್ರ ಮಗ್ಗುಲಿಗೇ ಅಂಟ್ಕಬೇಕು,” ಅಂದರು ಅಜ್ಜಿ ತಮ್ಮಷ್ಟಕ್ಕೆ. “ದೂರ ನಿಂತ್ರೇನೇ ಒದೆ.”

ಅದು ತಿರುಗಿದತ್ತ ನಾನು ತಿರುಗಿದೆ. ಮೂವತ್ತು. ಇಪ್ಪತ್ತು. ಒಂದು ಗುಂಡು ನನ್ನ ಎಡರೆಕ್ಕೆಯ ಕಡೆ ಬಂತು. ಬಂದು, ರೆಕ್ಕೆ ಇರಬೇಕಾಗಿದ್ದ ಜಾಗದಲ್ಲಿ, ಆ ಕಚ್ಚಿನೊಳಗಿಂದ ಹಾದು ಹೋಯಿತು. ಕೇಕು ತಂದ ಪುಣ್ಯಾತ್ಮರು ಎಲ್ಲಿದ್ದರೂ ತಣ್ಣಗಿರಲಿ.

ಐದು ಗಂಟೆ. ಗ್ರಹದ ಮೇಲೆ ಅಕ್ಷರ ಹೊಳೆಯಿತು: ನಂಜವ್ವನ ಹಟ್ಟಿ ಉಳಿಯಿತು.

ಶಬ್ರೀನ್ ಕಿರುಚಿದ ರಭಸಕ್ಕೆ ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಕರೆಯಲ್ಲಿ ಇಪ್ಪತ್ತನಾಲ್ಕು ದನಿ ಒಟ್ಟಿಗೆ ಕೂಗಿದವು; ಕಂಡಕ್ಟರ ಬಸ್ಸಿನ ಪ್ರಯಾಣಿಕರೂ ಯಾಕೆಂದು ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅಜ್ಜಿ ಫೋನನ್ನು ಸೆರಗಿನಿಂದ ಒರೆಸಿದರು. “ಸೊಳ್ಳೆ ಗೆದ್ಬುಡ್ತು,” ಅಂದರು.

ಇಲ್ಲಿಗೆ ಮುಗಿಸಿದ್ದರೆ ಅಜ್ಜಿಯ ಕಥೆಗಳ ಹಾಗೆಯೇ ಆಗುತ್ತಿತ್ತು. ಆದರೆ ಮೂರನೆಯ ದಿನ ಕಂಪನಿಯಿಂದ ಪ್ರಕಟಣೆ ಬಂತು. ‘ನಿಮ್ಮ ಆಟದ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲು, ಕಿರುನೌಕೆಗಳು ಇನ್ನು ಮುಂದೆ ಆರು ಗಂಟೆಯ ನಂತರ ಮರುಹುಟ್ಟು ಪಡೆಯುತ್ತವೆ. ಕೂಡಲೇ ಹುಟ್ಟಲು ಪುನರ್ಜನ್ಮ ಚೀಟಿ, ತೊಂಬತ್ತೊಂಬತ್ತು ರೂಪಾಯಿ ಮಾತ್ರ.’ ಅದರ ಹಿಂದೆಯೇ ರಾಜಾಧಿರಾಜನ ಓಲೆ: ಭಾನುವಾರ ನಾಲ್ಕಕ್ಕೆ.

ದಾಕ್ಷಿ ಈ ಸಲ ಅಳಲಿಲ್ಲ. ಬಹಳ ಹೊತ್ತು ಲೇತಿನ ಪಕ್ಕ ಕೂತು ಮರದ ಹೊಟ್ಟನ್ನು ಬೆರಳಲ್ಲಿ ಕೆದಕುತ್ತಿದ್ದಳು. ನಮ್ಮ ಗೆಲುವು ಸುಳ್ಳಲ್ಲ. ಆದರೆ ಗೆದ್ದವರಿಗೆ ದಂಡ ಹಾಕುವ ಮನೆಯಲ್ಲಿ ಇನ್ನೆಷ್ಟು ದಿನ ಇರುವುದು?

“ನಾವಿಲ್ದೇ ಇದ್ರೆ ಅವರು ಯಾರನ್ನ ಸೋಲಿಸ್ತಾರೆ?” ಅಂದಳು ಕೊನೆಗೆ.

ಶಬ್ರೀನ್ ಅರಗಿನ ಕಡ್ಡಿ ಕೆಳಗಿಟ್ಟಳು. “ಅಜ್ಜಿ ಆಕಾಶ?”

“ಮಾಡ್ತೀನಿ. ನಮ್ಮ ಕೈಲಿ ಏನಿದೆ ನೋಡು.” ಅವಳ ಕೈಯಲ್ಲಿ ಉಳಿ ಇತ್ತು.

ಭಾನುವಾರಕ್ಕೆ ಮೊದಲು ಅವಳು ಶೆಡ್ಡಿನ ಗೋಡೆಯ ಮೇಲೆ ಪೆನ್ಸಿಲಿನಿಂದ ನನ್ನನ್ನು ಬರೆದುಕೊಂಡಳು. ಕಚ್ಚನ್ನು ಎರಡು ಸಲ ತಿದ್ದಿ ಸರಿಯಾಗಿ ಬರೆದಳು. ರಾಜಾಧಿರಾಜನಿಗೆ ಒಂದು ಉತ್ತರ ಬರೆದಳು: ‘ನಾವು ಹೊರಟ್ವಿ. ನಿಜವಾಗಿ ಆಡಬೇಕು ಅನ್ನಿಸಿದ್ರೆ ಚನ್ನಪಟ್ಟಣಕ್ಕೆ ಬನ್ನಿ, ಸ್ಟೇಷನ್ ಹಿಂದಿನ ಬೀದಿ, ಆಟಿಕೆ ಶೆಡ್ಡು. ಇಲ್ಲಿ ರತ್ನ ನಡೆಯಲ್ಲ.’ ಸಂಜೆ ಸರಿಯಾಗಿ ನಾಲ್ಕಕ್ಕೆ ಇಪ್ಪತ್ತಾರು ಜನ ಒಟ್ಟಿಗೆ ಆಟವನ್ನು ಅಳಿಸಿದರು. ಮೂರು ಸಾವಿರ ನೌಕೆಗಳು ಯುದ್ಧಕ್ಕೆ ಬಂದಾಗ ಎದುರಿಗೆ ಯಾರೂ ಇರಲಿಲ್ಲ.

ನಾನೂ ಇರಲಿಲ್ಲ. ಐದು ನಿಮಿಷವಾಯಿತು, ಹುಟ್ಟಲಿಲ್ಲ. ಆರು ಗಂಟೆಯಾಯಿತು, ಹುಟ್ಟಲಿಲ್ಲ. ಅಜ್ಜಿಯ ಕಥೆಗಳಲ್ಲಿ ಪ್ರಾಣ ಒಂದು ಮೈ ಬಿಟ್ಟು ಗಿಳಿಯೊಳಗೆ, ದುಂಬಿಯೊಳಗೆ ಹೋಗಿ ಕೂರುತ್ತದಲ್ಲ, ಹಾಗೆ ನಾನು ಎಲ್ಲೋ ಕೂತಿದ್ದೆ. ಎಚ್ಚರವಾದಾಗ ತಲೆ ಗಿರ್ರನೆ ತಿರುಗುತ್ತಿತ್ತು. ನಾನು ಲೇತಿನ ಮೇಲಿದ್ದೆ. ಮೈಯಿಂದ ಬಿಳಿ ಸುರುಳಿಗಳು ಸಿಡಿಯುತ್ತಿದ್ದವು. ಮೊದಲ ಸಲ ನನಗೊಂದು ತೂಕವಿತ್ತು. ಮೊದಲ ಸಲ ವಾಸನೆ ಬಂತು: ಹಸಿ ಮರ, ಬಿಸಿ ಅರಗು. ರೆಕ್ಕೆಗಳನ್ನು ದಾಕ್ಷಿ ಬೇರೆಯಾಗಿ ಕೆತ್ತಿ ಕೂರಿಸಿದಳು.

ಆಕಾಶವನ್ನೂ ಅವಳೇ ಮಾಡಿದಳು. ಊಟದ ತಟ್ಟೆಯಷ್ಟು ಅಗಲದ ಮರದ ಬಿಲ್ಲೆ, ಅದರಲ್ಲಿ ಏಳು ಸುತ್ತು, ಸುತ್ತಿನ ಮೇಲೆ ನೌಕೆ ನಿಲ್ಲಿಸುವ ಕುಳಿಗಳು. ಆಡುವ ಒಬ್ಬೊಬ್ಬರಿಗೂ ಏಳು ನೌಕೆ. ಕೆಂಪು, ಹಳದಿ, ಹಸಿರು, ನೀಲಿ. ಕೇದಗೆ ಎಲೆಯಿಂದ ಉಜ್ಜಿ ಉಜ್ಜಿ, ಮುಖ ಕಾಣುವ ಹಾಗೆ ಹೊಳೆಸಿದಳು. ಅಷ್ಟು ನುಣುಪಾದ ಕೆಲಸವನ್ನು ಆ ಶೆಡ್ಡು ಕಂಡಿರಲಿಲ್ಲ. ನನ್ನ ಕಚ್ಚನ್ನೂ ಅರಗು ತುಂಬಿ ನಯ ಮಾಡಿಬಿಟ್ಟಿದ್ದಳು, ಕೈ ಅಭ್ಯಾಸ.

ಅಜ್ಜಿಯ ಮುಂದಿಟ್ಟಳು. ಅಜ್ಜಿ ಒಂದೊಂದಾಗಿ ಎತ್ತಿ ಸವರಿದರು. ಇಟ್ಟರು. ಮತ್ತೆ ಎತ್ತಿದರು.

“ಚೆಂದಾಗಿ ಅವೆ ಕಣವ್ವ. ಆದ್ರೆ ಎಲ್ಲಾ ಒಂದೇ ಥರ ಜಾರ್ತಾವೆ. ನಂದು ಯಾವ್ದು, ನಿಂದು ಯಾವ್ದು?”

ಬಣ್ಣದ ಊರಿನವಳು ಬಣ್ಣದಿಂದ ಗುರುತು ಮಾಡಿದ್ದಳು. ಫೋನಿನ ಹಾಗೆ ಬೆಳಗದ ಮರದಲ್ಲಿ, ಮಂಜು ತುಂಬಿದ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ನುಣುಪಾದಷ್ಟೂ ಬೆರಳಿಗೆ ಕುರುಡು.

ಮಾರನೆಯ ದಿನ ಅವಳು ಅಷ್ಟೂ ನೌಕೆಗಳನ್ನು ಮತ್ತೆ ಕೈಗೆತ್ತಿಕೊಂಡಳು. ಹೊಳಪಿನ ಮೇಲೆ ಉಳಿಯ ಮೊನೆ ಇಟ್ಟಳು. ಕೆಂಪಿಗೆ ಒಂದು ಗೀರು, ಹಳದಿಗೆ ಎರಡು, ಹಸಿರಿಗೆ ಮೂರು, ನೀಲಿಗೆ ನಾಲ್ಕು. ಆ ಕೆಲಸದಲ್ಲಿ ಗೀರು ಎಂದರೆ ದೋಷ. ಗೀರಿದ ಮಾಲನ್ನು ಒಲೆಗೆ ಹಾಕುತ್ತಾರೆ.

“ನಮಗೆ ಕೆಲಸ ಕಲಿಸಿದ ಉಸ್ತಾದ್ ನೋಡಿದ್ರೆ ಇದನ್ನ ನಿನ್ನ ಮೂತಿಗೆ ಎಸೀತಾರೆ,” ಅಂದಳು ಶಬ್ರೀನ್. ಅಂದವಳೇ ತಾನೂ ಉಳಿ ಎತ್ತಿಕೊಂಡು ನೀಲಿಗಳನ್ನು ಗೀರತೊಡಗಿದಳು.

ಕೊನೆಗೆ ದಾಕ್ಷಿ ನನ್ನನ್ನು ಹಿಡಿದಳು. ಎಡರೆಕ್ಕೆಯಲ್ಲಿ ತುಂಬಿದ್ದ ಅರಗನ್ನು ಕೆರೆದು ತೆಗೆದಳು. ಕಚ್ಚು ಮರಳಿ ಬಂತು. ಅಜ್ಜಿಯ ಹೆಬ್ಬೆರಳು ನನ್ನ ಮೈಮೇಲೆ ಹರಿದಾಡಿ ರೆಕ್ಕೆಗೆ ಬಂದು, ಆ ಕಚ್ಚಿನೊಳಗೆ ಸರಿಯಾಗಿ ಕೂತಿತು. ಇನ್ನೊಂದು ಕೈ ತಾನಾಗಿಯೇ ಕಿವಿಗೆ ಹೋಯಿತು.

“ಬಂದ್ಯಾ?” ಅಂದರು.

ನಮ್ಮ ಆಟದ ನಿಯಮ ಸರಳ. ಕಷ್ಟ ಬಂದರೆ ಯಾರ ಹತ್ತಿರವಾದರೂ ಒಂದು ನೌಕೆ ಮುಯ್ಯಿ ಕೇಳಬಹುದು, ಇಲ್ಲ ಅನ್ನುವ ಹಾಗಿಲ್ಲ. ಅವರಿಗೆ ಕಷ್ಟ ಬಂದಾಗ ನೀವೂ ಹೋಗಬೇಕು. ಹೋಗದಿದ್ದವರು ಆಟದಿಂದ ಎದ್ದರು. ಮೊದಲು ಇಪ್ಪತ್ತಾರು ಜನರಿಗೆ ಒಂದೊಂದು ಜೊತೆ ಮಾಡಿದರು. ನರ್ಸು ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಹನ್ನೊಂದು ಜನ ಕೇಳಿದರು. ಕಣ್ಣಿಲ್ಲದ ಮಕ್ಕಳ ಶಾಲೆಯೊಂದರಿಂದ ಒಬ್ಬ ಮೇಷ್ಟ್ರು ಬಂದು, ಕಣ್ಣು ಮುಚ್ಚಿಕೊಂಡು ಆಡಿ ನೋಡಿ, ನಲವತ್ತು ಬೇಕು ಅಂದರು. ಆ ನಲವತ್ತು ಮುಗಿಯುವ ಹೊತ್ತಿಗೆ ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ಲೇತು ಗುರ್ರೆನ್ನತೊಡಗಿತ್ತು. ಹಳೆಯದು, ಸ್ವಲ್ಪ ನಡುಗುತ್ತದೆ. ದಾಕ್ಷಿಯದು.

ಒಂದು ಶನಿವಾರ ಬೆಳಿಗ್ಗೆ ದಾವಣಗೆರೆಯ ಕಡೆಯಿಂದ ಬಂದ ರೈಲು ಒಂದು ದಪ್ಪ ಮೀಸೆಯನ್ನು ಇಳಿಸಿ ಹೋಯಿತು. ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಡಬ್ಬಿ.

“ಇಲ್ಲಿ... ನಂಜವ್ವನ ಹಟ್ಟಿ ಅಂದ್ರ ಯಾವುದ್ರಿ?” ಅಂದರು ಬಾಗಿಲಲ್ಲಿ ನಿಂತು. ಆಮೇಲೆ ಸಣ್ಣ ದನಿಯಲ್ಲಿ, “ನಾನ್ರೀ... ರಾಜಾಧಿರಾಜ. ನೀವು ಹೋದ ಮ್ಯಾಗ ಒಬ್ಬೊಬ್ಬರ ಎಲ್ಲಾರೂ ಹೋದ್ರು. ಆಡಾಕ ಯಾರೂ ಇಲ್ಲ ನೋಡ್ರಿ.”

ಶಬ್ರೀನ್ ಉಳಿ ಹಿಡಿದೇ ಎದ್ದು ನಿಂತಳು. ಅಜ್ಜಿ ಚಾಪೆ ತಟ್ಟಿದರು. “ಕೂತ್ಕಳಪ್ಪ. ಬಿಸ್ಕತ್ತು ಈ ಕಡೆ ಇಡು.”

ಅಜ್ಜಿ ಕೆಂಪು, ಅವರು ಹಸಿರು, ದಾಕ್ಷಿ ಹಳದಿ. ಗುರುಶಾಂತಪ್ಪನವರು ನುಗ್ಗಿ ನುಗ್ಗಿ ಆಡಿದರು. ಅರ್ಧದಲ್ಲೇ ನೌಕೆ ಮುಗಿಯಿತು. ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು.

“ಇನ್ನೊಂದು ಹತ್ತು ನೌಕಾ ಕೊಡ್ರಿ, ರೊಕ್ಕ ಎಷ್ಟಾದ್ರೂ ಆಗ್ಲಿ.”

“ಇಲ್ಲಿ ರೊಕ್ಕ ಕೊಟ್ರೆ ಟೀ ಸಿಗುತ್ತೆ,” ಅಂದಳು ಶಬ್ರೀನ್. “ನೌಕೆ ಬೇಕಿದ್ರೆ ಅಜ್ಜಿನ ಕೇಳಿ.”

ಅವರು ಕೇಳಿದರು. ಮೂರು ಸಾವಿರ ನೌಕೆಯ ಒಡೆಯರಿಗೆ ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿರಲಿಲ್ಲ. ಅಜ್ಜಿ ತಡವರಿಸದೆ ನನ್ನನ್ನೇ ಎತ್ತಿ ಕೊಟ್ಟರು. ಎಂದೋ ಗುಡಿಸಿ ಹಾಕಿದ ಕೈಗೆ ನಾನು ಮತ್ತೆ ಬಂದೆ. ಅವರಿಗೆ ಗೊತ್ತಾಗಲಿಲ್ಲ. ನನ್ನನ್ನು ಹಿಡಿದು ಅವರು ಒಂದು ಸುತ್ತು ಗೆದ್ದರು, ಆಗ ಅವರ ಬಾಯಿಂದ ಬಂತು: “ಆಹಾ!” ಆ ಸಂಭ್ರಮದಲ್ಲಿ ಅಜ್ಜಿಯ ಕೊನೆಯ ನೌಕೆಗೆ ಮುತ್ತಿಗೆ ಬಿದ್ದದ್ದನ್ನು ನೋಡಲೇ ಇಲ್ಲ. ಮುಯ್ಯಿಗೆ ಹೋಗಲಿಲ್ಲ.

“ತೀರಿಸ್ನಿಲ್ಲ. ಎದ್ದೇಳಪ್ಪ,” ಅಂದರು ಅಜ್ಜಿ, ಬಿಸ್ಕತ್ತು ಕಡಿಯುತ್ತ.

ಗುರುಶಾಂತಪ್ಪನವರು ಏಳಲಿಲ್ಲ. ನಕ್ಕರು. ಹೊಟ್ಟೆ ಅಲ್ಲಾಡುವ ಹಾಗೆ, ಕಣ್ಣೊರೆಸಿಕೊಳ್ಳುವ ಹಾಗೆ ನಕ್ಕರು. “ಸೋತ್ನಲ್ರೀ! ಇನ್ನೊಂದ್ ಆಟ ಹಾಕ್ರಿ ಅಜ್ಜಿ.” ಅವರ ರೈಲು ಹೋಯಿತು. ಮುಂದಿನದೂ ಹೋಯಿತು.

ಈಗ ನನಗೆ ವಯಸ್ಸಾಗಿದೆ. ಮೂತಿಯ ಕೆಂಪು ಅಳಿಸಿ ಆಲೆಮರದ ಬಿಳಿ ಕಾಣುತ್ತದೆ. ಬಲರೆಕ್ಕೆ ಒಮ್ಮೆ ಸಡಿಲವಾಗಿ ಅಂಟು ಹಾಕಿಸಿಕೊಂಡಿದೆ. ಆ ಗಾಜಿನ ಆಕಾಶ ಮುಚ್ಚಿಹೋಯಿತಂತೆ. ಮೂರು ಸಾವಿರ ನೌಕೆಗಳೂ ಐದು ಸಾವಿರದ ಕವಚಗಳೂ ಒಂದು ಮಧ್ಯಾಹ್ನ ಆರಿದವಂತೆ. ನನ್ನನ್ನು ಬರೆದ ವಿನುತಾಗೆ ಸುದ್ದಿ ಮುಟ್ಟಿಸುವ ದಾರಿ ಗೊತ್ತಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ: ಸರಿ ಮಾಡದೆ ಬಿಟ್ಟದ್ದು ಒಳ್ಳೆಯದಾಯಿತು, ತಾಯಿ.

ಮೇಣದಷ್ಟು ನುಣುಪಾದ ನೌಕೆಗಳನ್ನು ಕಂಡಿದ್ದೇನೆ, ಬಂಗಾರದ ಬಣ್ಣದವನ್ನೂ ಕಂಡಿದ್ದೇನೆ. ಅವು ಕೈಯಿಂದ ಕೈಗೆ ಜಾರಿಹೋದವು. ನನ್ನನ್ನು ಹಿಡಿಯಲು ಒಂದು ಜಾಗವಿತ್ತು.

ಅಜ್ಜಿಯ ಕಿಟಕಿಯ ಗೂಡಿನಲ್ಲಿ, ನಶ್ಯದ ಡಬ್ಬಿಯ ಪಕ್ಕ ನನ್ನ ಮನೆ. ಸಂಜೆ ಲೇತುಗಳ ಸದ್ದು ನಿಂತ ಮೇಲೆ ಒಂದು ಕೈ ತಡಕಾಡುತ್ತ ಬರುತ್ತದೆ. ಡಬ್ಬಿ ಬಿಟ್ಟು, ಕನ್ನಡಕ ಬಿಟ್ಟು, ನನ್ನ ಎಡರೆಕ್ಕೆ ಸಿಕ್ಕಿದ ಕೂಡಲೇ ನಿಲ್ಲುತ್ತದೆ.

“ನಡಿ,” ಅನ್ನುತ್ತಾರೆ ಅಜ್ಜಿ. “ಕೋಳಿಪಿಳ್ಳೆ ದಾಟಿ ಹೋಗಾವ. ಇವತ್ತು ಬೇಟೆಗಾರ ಸಿಕ್ತಾನೆ.”

ಮೂರನೆಯ ಸುತ್ತಿನ ಐದನೆಯ ಕುಳಿ. ದಾಕ್ಷಿ ಅಲ್ಲೊಬ್ಬ ಬೇಟೆಗಾರನನ್ನು ಕೆತ್ತಿಟ್ಟಿದ್ದಾಳೆ. ಪ್ರತಿದಿನವೂ ಸಿಗುತ್ತಾನೆ.